ಮಗು ಯಾರ ತೆರಿಗೆ ಲೆಕ್ಕಕ್ಕೆ? ಬೇರೆಯಾಗುವಾಗಲೇ ಬರೆದಿಡಬೇಕು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ನೆಲೆಸಿದ ಮಗನೋ ಮಗಳೋ ಇರುವ ಮನೆ ಈಗ ಹಾಸನದ ಬಡಾವಣೆಗಳಲ್ಲಿ ಬೀದಿಗೊಂದಾದರೂ ಸಿಗುತ್ತದೆ. ಅಲ್ಲಿ ದಾಂಪತ್ಯ ಮುರಿದಾಗ, ಮಗುವನ್ನು ಅವಲಂಬಿತರೆಂದು ತೆರಿಗೆ ವಿವರದಲ್ಲಿ ತೋರಿಸುವವರು ತಾಯಿಯೋ ತಂದೆಯೋ ಎಂಬ ವ್ಯಾಜ್ಯ ಹುಟ್ಟಿಕೊಳ್ಳುತ್ತದೆ ಎಂಬುದು ನಮ್ಮ ಮನೆಯಲ್ಲೇ ನಡೆಯುವವರೆಗೆ ನನಗೆ ಗೊತ್ತಿರಲಿಲ್ಲ. ನಮಗಾದ ತೊಂದರೆ ಇನ್ನೊಂದು ಮನೆಗೆ ಆಗದಿರಲೆಂದು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಗಳ ವಿಚ್ಛೇದನದ ಒಪ್ಪಂದದಲ್ಲಿ ಮೊಮ್ಮಗಳು ಯಾವ ದಿನ ಯಾರ ಮನೆಯಲ್ಲಿರಬೇಕು, ಶಾಲೆಯ ಖರ್ಚು ಯಾರದು ಎಂಬುದೆಲ್ಲ ಇತ್ತು. ತೆರಿಗೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. 2025ರ ಫೆಬ್ರುವರಿಯಲ್ಲಿ ಆಕೆ ಆನ್‌ಲೈನ್‌ನಲ್ಲಿ ಸಲ್ಲಿಸಿದ 2024ನೇ ಸಾಲಿನ ವಿವರ, ಮಗುವಿನ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ (ಅಲ್ಲಿನ ಗುರುತಿನ ಸಂಖ್ಯೆ) ಈಗಾಗಲೇ ಬೇರೊಬ್ಬರ ವಿವರದಲ್ಲಿದೆ ಎಂಬ ಕಾರಣಕ್ಕೆ ತಿರಸ್ಕೃತವಾಯಿತು. ಅಳಿಯ ಮೊದಲೇ ಸಲ್ಲಿಸಿಬಿಟ್ಟಿದ್ದರು.

ಆಮೇಲೆ ಶುರುವಾದದ್ದು ಫೋನಿನ ಪಂಚಾಯಿತಿ. ಶಾಲೆಯ ಫೀಸು, ಆರೋಗ್ಯ ವಿಮೆ ಎರಡನ್ನೂ ನಮ್ಮ ಹುಡುಗನೇ ಕಟ್ಟುತ್ತಿರುವಾಗ ಮಗು ಅವನ ಲೆಕ್ಕಕ್ಕೆ ಬರುವುದೇ ನ್ಯಾಯ ಎಂದು ಬೀಗರು ವಾದಿಸಿದರು. ದುಡ್ಡು ಕೊಟ್ಟವರದೇ ಲೆಕ್ಕ ಎಂಬ ಮಾತು ನನಗೂ ಸರಿಯೆನಿಸಿ, ಬಿಟ್ಟುಕೊಡು ಎಂದು ಮಗಳಿಗೆ ಹೇಳಿಬಿಟ್ಟೆ. ತಿಳಿಯದೆ ಆಡಿದ ಆ ಮಾತಿಗಾಗಿ ಇವತ್ತಿಗೂ ನೊಂದುಕೊಳ್ಳುತ್ತೇನೆ. ಏಕೆಂದರೆ ಅಲ್ಲಿನ ಕಾನೂನು ತಂದೆತಾಯಿಯ ನಡುವೆ ನೋಡುವುದು ಖರ್ಚನ್ನಲ್ಲ. ವರ್ಷದಲ್ಲಿ ಮಗು ಯಾರ ಬಳಿ ಹೆಚ್ಚು ರಾತ್ರಿ ಕಳೆಯಿತು ಎಂಬುದನ್ನು. ರಾತ್ರಿಗಳು ಸರಿಸಮವಾದರೆ ಮಾತ್ರ ಹೆಚ್ಚು ಆದಾಯವಿರುವವರ ಕಡೆಗೆ ಹೋಗುತ್ತದೆ.

ಮಗಳ ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು. ಅಪ್ಪನ ಮನೆಯಲ್ಲಿ ಮಲಗುವ ದಿನಕ್ಕೆ ನೀಲಿ ಚುಕ್ಕಿ, ಅಮ್ಮನ ಮನೆಯ ದಿನಕ್ಕೆ ಹಳದಿ ಚುಕ್ಕಿ ಅಂಟಿಸುವುದು ಏಳು ವರ್ಷದ ಮಗುವಿನದೇ ಕೆಲಸ. ಒಂದು ರಾತ್ರಿ ವಿಡಿಯೊ ಕರೆಯಲ್ಲಿ ಮಗಳು ತಿಂಗಳು ತಿಂಗಳಾಗಿ ಎಣಿಸುತ್ತಾ ಹೋದಳು, ನಾನು ಇಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಧಿಕ ವರ್ಷದ 366 ರಾತ್ರಿಗಳಲ್ಲಿ ಹಳದಿ 213, ನೀಲಿ 153. ಆ ಮಗು ತನ್ನ ವರ್ಷವನ್ನು ಹೀಗೆ ಎರಡು ಬಣ್ಣದಲ್ಲಿ ಹಂಚಿ ಅಂಟಿಸಿದ್ದನ್ನು ಕಂಡು, ಜಗಳವಾಡಿದ ನಾವೆಲ್ಲ ದೊಡ್ಡವರೇ ಎನಿಸಿತು.

ಶಾಲೆಯ ಮತ್ತು ವೈದ್ಯರ ದಾಖಲೆಗಳಲ್ಲೂ ಅಮ್ಮನ ವಿಳಾಸವೇ ಇತ್ತು. ಮಗಳು ತನ್ನ ವಿವರವನ್ನು ಕಾಗದದಲ್ಲಿ ಅಂಚೆಯ ಮೂಲಕ ಸಲ್ಲಿಸಿದಳು. ಕೆಲವು ತಿಂಗಳ ನಂತರ ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಇಬ್ಬರಿಗೂ ಪತ್ರ ಬಂತು: ತೋರಿಸಿದ್ದು ತಪ್ಪಾಗಿದ್ದರೆ ತಿದ್ದುಪಡಿ ವಿವರ ಸಲ್ಲಿಸಿ, ಇಬ್ಬರೂ ತಿದ್ದದಿದ್ದರೆ ಪರಿಶೀಲನೆ ನಡೆಯಬಹುದು ಎಂದು. ಅಳಿಯ ಲೆಕ್ಕವನ್ನು ನೋಡಿ ಒಪ್ಪಿ, ನಮೂನೆ 1040-ಎಕ್ಸ್ ಸಲ್ಲಿಸಿದರು. ಅವರ ಈ ನಡತೆಯನ್ನು ನಾನು ಗೌರವಿಸುತ್ತೇನೆ.

ಇದು ಸಣ್ಣ ಮೊತ್ತದ ವಿಷಯವಲ್ಲ. 2024ನೇ ಸಾಲಿಗೆ ಮಗುವಿನ ರಿಯಾಯಿತಿಯೇ 2,000 ಡಾಲರ್‌ವರೆಗೆ ಇತ್ತು. ಮಗುವನ್ನು ಸಾಕುತ್ತಾ ಒಂಟಿಯಾಗಿ ಮನೆ ನಡೆಸುವವರಿಗೆ, ತೆರಿಗೆ ಹಾಕುವ ಮೊದಲು ಆದಾಯದಿಂದ ಕಳೆಯುವ ನಿಗದಿತ ಕಡಿತ 14,600 ಡಾಲರ್ ಬದಲು 21,900. ತಾಯಿ ಬಯಸಿದರೆ ನಮೂನೆ 8332ಕ್ಕೆ ಸಹಿ ಹಾಕಿ ಮಗುವಿನ ರಿಯಾಯಿತಿಯನ್ನು ತಂದೆಗೆ ಬಿಟ್ಟುಕೊಡಬಹುದು. ಒಂಟಿಯಾಗಿ ಮನೆ ನಡೆಸುವವರ ಸ್ಥಾನ ಮಾತ್ರ ಹಾಗೆ ವರ್ಗವಾಗುವುದಿಲ್ಲ. 2008ರ ನಂತರದ ವಿಚ್ಛೇದನವಾದರೆ ನ್ಯಾಯಾಲಯದ ಆದೇಶದ ಪ್ರತಿ ಲಗತ್ತಿಸಿದರೆ ಸಾಲದು, ಆ ನಮೂನೆಯನ್ನೋ ಅದೇ ಅರ್ಥದ ಪ್ರತ್ಯೇಕ ಹೇಳಿಕೆಯನ್ನೋ ಸಹಿ ಮಾಡಿ ಕೊಡಬೇಕು. ಈಗ ಇವರಿಬ್ಬರೂ ಒಂದು ವರ್ಷ ಬಿಟ್ಟು ಒಂದು ವರ್ಷ ಎಂದು ಒಪ್ಪಿಕೊಂಡಿದ್ದಾರೆ. ಆದರೆ ಮಗಳು ಪ್ರತಿ ಸಲವೂ ಆ ಒಂದು ವರ್ಷಕ್ಕೆ ಮಾತ್ರ ಸಹಿ ಮಾಡುತ್ತಾಳೆ. ಮುಂದಿನ ಎಲ್ಲ ವರ್ಷಗಳಿಗೂ ಒಮ್ಮೆಗೇ ಬರೆದುಕೊಡಬೇಡಿ ಎಂಬುದು ನನ್ನ ಸಲಹೆ.

ನಮ್ಮ ದೇಶದಲ್ಲೂ ಇಂಥ ಪ್ರಶ್ನೆ ಇಲ್ಲದಿಲ್ಲ. ಅಪ್ರಾಪ್ತ ಮಗುವಿನ ಹೆಸರಿನ ಠೇವಣಿಗೆ ಬರುವ ಬಡ್ಡಿಯನ್ನು, ಆದಾಯ ತೆರಿಗೆ ಕಾನೂನಿನ ಪ್ರಕಾರ, ದಾಂಪತ್ಯ ಉಳಿದಿದ್ದರೆ ಹೆಚ್ಚು ಆದಾಯದ ಪೋಷಕರ ಲೆಕ್ಕಕ್ಕೂ, ಉಳಿದಿಲ್ಲದಿದ್ದರೆ ಮಗುವನ್ನು ಸಾಕುವವರ ಲೆಕ್ಕಕ್ಕೂ ಸೇರಿಸಬೇಕು. ಅಜ್ಜ ಅಜ್ಜಿಯರು ಪ್ರೀತಿಯಿಂದ ಇಟ್ಟ ಠೇವಣಿಗೂ ಇದು ಅನ್ವಯಿಸುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ನಮ್ಮ ಜಿಲ್ಲೆಯ ನ್ಯಾಯಾಲಯಗಳಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಕರಾರು ಬರೆಯುವ ವಕೀಲರು ಮತ್ತು ರಾಜಿ ಮಾಡಿಸುವ ಮಧ್ಯಸ್ಥಗಾರರು, ಮಗುವಿನ ಪಾಲನೆಯ ಷರತ್ತಿನ ಕೆಳಗೇ ತೆರಿಗೆಯ ಷರತ್ತನ್ನೂ, ದಂಪತಿಗಳಲ್ಲಿ ಒಬ್ಬರು ಅಮೆರಿಕದಲ್ಲಿದ್ದರೆ ನಮೂನೆ 8332ರ ವಿಷಯವನ್ನೂ ಬರೆಸಬೇಕೆಂದು ಕೋರುತ್ತೇನೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ತನ್ನ ಕಾನೂನು ಅರಿವು ಶಿಬಿರಗಳಲ್ಲಿ ಈ ವಿಷಯಕ್ಕೆ ಅರ್ಧ ಗಂಟೆಯನ್ನಾದರೂ ಮೀಸಲಿಡಲಿ. ಹಾಸನದಲ್ಲಿ ನಡೆಸಿದರೆ ನಮ್ಮ ನೋಟ್‌ಬುಕ್ಕನ್ನು ಹಿಡಿದುಕೊಂಡು ನಾನೇ ಬಂದು ಹೇಳಲು ಸಿದ್ಧಳಿದ್ದೇನೆ.

ಇತಿ,
ನಿವೃತ್ತ ಶಿಕ್ಷಕಿ,
ವಿದ್ಯಾನಗರ, ಹಾಸನ