ಮಧುಮೇಹಿಗಳಿಗೆ ಪಾದದ ಪಾಠವೂ ಬೇಕು

ಮಾನ್ಯರೆ,

ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂಬ ಐಸಿಎಂಆರ್ ಸಮೀಕ್ಷೆಯ ಅಂದಾಜು 2023ರಲ್ಲಿ ಪ್ರಕಟವಾದ ಮೇಲೆ ಸಕ್ಕರೆ ಕಾಯಿಲೆಯ ಬಗ್ಗೆ ಮಾತು ಹೆಚ್ಚಾಗಿದೆ. ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆಯಡಿ ಮನೆಬಾಗಿಲಲ್ಲೇ ತಪಾಸಣೆ ನಡೆಯುತ್ತಿರುವುದು ಸ್ವಾಗತಾರ್ಹ. ಆದರೆ ಈ ಮಾತೆಲ್ಲ ಅನ್ನ ಬಿಡಬೇಕೇ, ಮಾವಿನಹಣ್ಣು ತಿನ್ನಬಹುದೇ, ಶುಗರ್ ಎಷ್ಟಿದೆ ಎಂಬಲ್ಲಿಗೇ ನಿಲ್ಲುತ್ತದೆ. ಪಾದದ ಸುದ್ದಿ ಬರುವುದು ಬೆರಳು ಕಪ್ಪಾದ ಮೇಲೆಯೇ. ಆಸ್ಪತ್ರೆಯ ಡ್ರೆಸಿಂಗ್ ಕೊಠಡಿಯಲ್ಲಿ ಬಹುಕಾಲ ಕೆಲಸ ಮಾಡಿದವಳಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಜನ ಆಸ್ಪತ್ರೆಗೆ ಬರುವುದು ನೋವು ತಡೆಯಲಾರದೆ. ಮಧುಮೇಹ ಹಳೆಯದಾದಂತೆ ಅನೇಕರಲ್ಲಿ ಪಾದದ ನರಗಳು ಸ್ಪರ್ಶಜ್ಞಾನವನ್ನೇ ಕಳೆದುಕೊಳ್ಳುವುದರಿಂದ ಆ ನೋವು ಇರುವುದಿಲ್ಲ. ಪಾದ ಊದಿದೆಯೆಂದು ಬಂದ ರೈತರೊಬ್ಬರ ಚಪ್ಪಲಿ ಬಿಚ್ಚಿಸಿದಾಗ, ಜಾಲಿಮುಳ್ಳೊಂದು ಅಟ್ಟೆಯನ್ನು ತೂರಿ ಹೆಬ್ಬೆರಳಿನ ಬುಡದಲ್ಲಿ ನೆಟ್ಟುಕೊಂಡಿತ್ತು. ಅದೇ ಚಪ್ಪಲಿಯಲ್ಲಿ ಅವರು ಹೊಲಕ್ಕೂ ಸಂತೆಗೂ ಹೋಗಿಬಂದಿದ್ದರು. ‘ನೋವೇ ಇರಲಿಲ್ಲ ಸಿಸ್ಟರ್, ಇದ್ದಿದ್ದರೆ ಅವತ್ತೇ ಬರ್ತಿದ್ದೆ’ ಎಂದರು. ರಕ್ತಸಂಚಾರವೂ ಕುಗ್ಗಿ, ಬೀಡಿಯ ಚಟವೂ ಸೇರಿದರೆ ಇಂಥ ಗಾಯ ಮಾಯುವುದು ಬಹಳ ಕಷ್ಟ. ಸೋಂಕು ಮೂಳೆಗಿಳಿದರೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾದೀತು.

ಇದನ್ನು ತಿಳಿಸುವ ಕೆಲಸ ಗೋಡೆಗೆ ಅಂಟಿಸಿದ ಭಿತ್ತಿಪತ್ರದಿಂದ ಆಗದು. ‘ಪಾದಗಳ ಆರೈಕೆ ಮಾಡಿ’ ಎಂದರೆ ಯಾರಿಗೆ ಏನು ತಿಳಿಯುತ್ತದೆ? ರೋಗಿಯನ್ನೂ ಮನೆಯವರೊಬ್ಬರನ್ನೂ ಕೂರಿಸಿಕೊಂಡು, ಚಪ್ಪಲಿ ಬಿಚ್ಚಿಸಿ, ಪಾದವನ್ನು ತಾವೇ ನೋಡಿಕೊಳ್ಳುವುದನ್ನು ಕೈಹಿಡಿದು ಕಲಿಸಬೇಕು. ಅಂಗಾಲು ಕಾಣಲು ನೆಲದ ಮೇಲೊಂದು ಕನ್ನಡಿ ಇಟ್ಟುಕೊಂಡರೆ ಸಾಕು. ಕಣ್ಣು ಮಂಜಾದವರಿಗೆ ಮೊಮ್ಮಕ್ಕಳು ನೋಡಿ ಹೇಳಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್‌ನ ವೈದ್ಯರು ರೂಪಿಸಿದ ಸ್ಪರ್ಶ ಪರೀಕ್ಷೆಗಂತೂ ಯಾವ ಉಪಕರಣವೂ ಬೇಡ. ರೋಗಿ ಕಣ್ಣು ಮುಚ್ಚಿರುವಾಗ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒತ್ತದೆ, ಸವರದೆ, ಒಂದೆರಡು ಸೆಕೆಂಡು ಮೆಲ್ಲಗೆ ಮುಟ್ಟಬೇಕು. ಆರರಲ್ಲಿ ಎರಡು ಸಲವಾದರೂ ಮುಟ್ಟಿದ್ದು ತಿಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ನಡೆಯುವಾಗ ಚಪ್ಪಲಿ ಜಾರಿಹೋದದ್ದೇ ಗೊತ್ತಾಗದಿದ್ದರೆ ಅದೂ ಎಚ್ಚರಿಕೆಯ ಸೂಚನೆ.

ಬೇಡವೆನ್ನಬೇಕಾದ ರೂಢಿಗಳೂ ಹಲವು. ಕಾಲಾಣಿಯನ್ನು ಬ್ಲೇಡಿನಿಂದ ಕೆತ್ತುವುದು, ಅದಕ್ಕೆ ಅಂಗಡಿಯ ಕಾರ್ನ್ ಪ್ಲಾಸ್ಟರ್ ಅಂಟಿಸುವುದು, ಜೋಮು ಬಿಡಲೆಂದು ಬಿಸಿನೀರಿನಲ್ಲಿ ಕಾಲಿಡುವುದು, ಇವೆಲ್ಲ ಸ್ಪರ್ಶವಿಲ್ಲದ ಪಾದಕ್ಕೆ ಅಪಾಯ. ಒಡೆದ ಹಿಮ್ಮಡಿಗೆ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಬಹುದು, ಆದರೆ ಬೆರಳುಗಳ ಸಂದಿಗೆ ಹಚ್ಚಬಾರದು. ಅಲ್ಲಿ ತೇವ ನಿಂತರೆ ಕೆಸರುಹುಣ್ಣಾಗುತ್ತದೆ. ಬಿಗಿಯಾದ ಕಾಲುಂಗುರದ ಅಡಿಯಲ್ಲೂ ಹುಣ್ಣಾಗಬಹುದು. ಹೆಣ್ಣುಮಕ್ಕಳಿಗೆ ಇದನ್ನು ಹೇಳುವಾಗ ಸೂಕ್ಷ್ಮತೆ ಬೇಕು, ಹಾಗೆಂದು ಹೇಳದೆ ಬಿಡುವಂತಿಲ್ಲ. ಧರ್ಮಸ್ಥಳಕ್ಕೋ ಮಲೆ ಮಹದೇಶ್ವರ ಬೆಟ್ಟಕ್ಕೋ ಬರಿಗಾಲಲ್ಲಿ ನಡೆಯುವ ಹರಕೆಯದೂ ಇದೇ ಕಥೆ. ಭಕ್ತಿಯನ್ನು ಹಳಿಯಬೇಕಿಲ್ಲ, ಪಾದರಕ್ಷೆ ತೊಟ್ಟೇ ನಡೆಯಿರಿ, ಪ್ರಾಂಗಣದ ಕಲ್ಲು ಕಾಯುವ ಮುನ್ನವೇ ಪ್ರದಕ್ಷಿಣೆ ಮುಗಿಸಿ ಎಂದು ತಿಳಿಸಿ ಹೇಳಿದರೆ ಜನ ಒಪ್ಪುತ್ತಾರೆ.

ಇನ್ನು ಪಾದರಕ್ಷೆ. ಸ್ಪರ್ಶ ಕಳೆದುಕೊಂಡ ಕಾಲಿನ ಹುಣ್ಣಿನ ಬಗ್ಗೆ ನಮಗೆ ಮೊದಲು ಪಾಠ ಕಲಿಸಿದ್ದು ಕುಷ್ಠರೋಗ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳಲ್ಲಿ ಕಂಡುಕೊಂಡದ್ದೇ ಮುಂದೆ ಮಧುಮೇಹಿಗಳ ಆರೈಕೆಗೂ ದಾರಿಯಾಯಿತು. ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಡಿ ಮೃದುವಾದ ಎಂಸಿಆರ್ (ಸೂಕ್ಷ್ಮ ರಂಧ್ರಗಳುಳ್ಳ) ರಬ್ಬರಿನ ಚಪ್ಪಲಿಗಳನ್ನು ಉಚಿತವಾಗಿ ಕೊಡುತ್ತಾರೆ. ಅಂಥವನ್ನೇ, ಹಿಂಬದಿಗೆ ಪಟ್ಟಿ ಹಾಕಿ, ಸ್ಪರ್ಶ ಕುಂದಿದ ಬಡ ಮಧುಮೇಹಿಗಳಿಗೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೊಡುವಂತಾಗಬೇಕು. ನೋಡಿದ ಕೂಡಲೇ ‘ರೋಗಿಯ ಚಪ್ಪಲಿ’ ಎಂದು ಗುರುತಿಸುವಂತಿದ್ದರೆ ಜನ ಅದನ್ನು ಮೂಲೆಗಿಡುತ್ತಾರೆ. ಆದ್ದರಿಂದ ಪೇಟೆಯ ಚಪ್ಪಲಿಯಂತೆಯೇ ಕಾಣುವ ಬಣ್ಣ, ವಿನ್ಯಾಸಗಳಲ್ಲಿ ಅವನ್ನು ಮಾಡಿಸುವ ಬಗ್ಗೆ ಆರೋಗ್ಯ ಇಲಾಖೆ ಯೋಚಿಸಲಿ.

– ನಿವೃತ್ತ ಶುಶ್ರೂಷಕಿ, ತುಮಕೂರು