ಚಿಯಾ ಮೊದಲು ನೆನೆಯಲಿ, ಆಮೇಲೆ ಚಹಾಕ್ಕೆ ಬೀಳಲಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಚಿಯಾ ಬೀಜದ ಐಸ್ ಟೀ ಮಾಡುವ ವಿಧಾನ ಎಲ್ಲೆಡೆ ಅಚ್ಚಾಗುತ್ತದೆ. ಹೆಚ್ಚಿನವುಗಳ ಕೊನೆಯ ಸಾಲು ಒಂದೇ: ‘ಒಂದು ಚಮಚ ಚಿಯಾ ಸೇರಿಸಿ ಕುಡಿಯಿರಿ.’ ಎಡವಟ್ಟಾಗುವುದು ಆ ಸಾಲಿನಲ್ಲೇ.

ಚಿಯಾ ತನ್ನ ತೂಕದ ಹತ್ತು ಹನ್ನೆರಡು ಪಟ್ಟು ನೀರು ಹೀರುತ್ತದೆ. ನೀರು ತಾಕುತ್ತಲೇ ಬೀಜದ ಸುತ್ತ ಲೋಳೆ ಕಟ್ಟತೊಡಗುತ್ತದೆ. ಒಣ ಬೀಜವನ್ನು ಒಮ್ಮೆಲೇ ಜಗ್ಗಿಗೆ ಸುರಿದರೆ ಹೊರಗಿನವು ಒಂದಕ್ಕೊಂದು ಅಂಟಿಕೊಂಡು ನಡುವಿನವಕ್ಕೆ ನೀರೇ ಸಿಗುವುದಿಲ್ಲ. ತಳದಲ್ಲಿ ಕೂತ ಗಂಟನ್ನು ಚಮಚದಿಂದ ಒಡೆದು ನೋಡಿ, ಒಳಗಿನ ಬೀಜ ಡಬ್ಬಿಯಲ್ಲಿದ್ದಂತೆಯೇ ಒಣಗಿರುತ್ತದೆ.

ನಾಲ್ಕು ಲೋಟಕ್ಕೆ ನಾಲ್ಕು ಟೀ ಚಮಚ, ಅಂದರೆ ಸುಮಾರು 16 ಗ್ರಾಂ ಚಿಯಾ ಸಾಕು. ಅದನ್ನು 200 ಮಿ.ಲೀ. ತಣ್ಣೀರಿಗೆ ಉದುರಿಸುತ್ತಾ ಕಲಕಬೇಕು. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕಲಕಬೇಕು. ಈ ಎರಡನೇ ಕಲಕು ಮರೆತರೆ ಗಂಟು ಖಚಿತ. ಅರ್ಧ ಗಂಟೆಯಲ್ಲಿ ಚಮಚದಿಂದ ನಿಧಾನಕ್ಕೆ ಜಾರುವ ಹದ ಬರುತ್ತದೆ. ಕಾಮಕಸ್ತೂರಿ ಬೀಜಕ್ಕೆ ಇಷ್ಟು ಹೊತ್ತು ಬೇಡ, ಅದು ಕೆಲವೇ ನಿಮಿಷದಲ್ಲಿ ಉಬ್ಬುತ್ತದೆ. ಎರಡೂ ಒಂದೇ ಎಂದುಕೊಂಡವರು ಬಹಳ. ಕಾಮಕಸ್ತೂರಿ ಅಚ್ಚ ಕಪ್ಪು, ಚಿಯಾ ಬೂದು ಮತ್ತು ಕಂದು ಬಣ್ಣದ ಚುಕ್ಕೆಗಳ ನುಣುಪು ಕಾಳು.

ಇನ್ನು ಚಹಾ. ಬೀಜದ ಲೋಳೆಯಲ್ಲಿ 200 ಮಿ.ಲೀ. ನೀರು ಆಗಲೇ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಪಾನೀಯ ಸಪ್ಪೆ. ಹಾಗಾಗಿ 10 ಗ್ರಾಂ ಎಲೆ ಚಹಾಕ್ಕೆ ಅರ್ಧ ಲೀಟರ್ ಕುದಿನೀರು ಹಾಕಿ, ನಾಲ್ಕು ನಿಮಿಷ ಮುಚ್ಚಿಟ್ಟು ಸೋಸಿ. ಪುಡಿ ಚಹಾಕ್ಕೆ ಎರಡೂವರೆ ನಿಮಿಷ ಸಾಕು. ರುಚಿ ಗಾಢವಾಗಲೆಂದು ಹೆಚ್ಚು ಹೊತ್ತು ಬಿಟ್ಟರೆ ಬರುವುದು ಒಗರು. ಗಾಢ ಬೇಕಿದ್ದರೆ ಪುಡಿ ಹೆಚ್ಚಿಸಿ, ಹೊತ್ತನ್ನಲ್ಲ. ಸಕ್ಕರೆಯನ್ನು ಬಿಸಿಯಿರುವಾಗಲೇ ಕರಗಿಸಿ, ತಣ್ಣಗಾದ ಚಹಾದಲ್ಲಿ ಅದು ತಳ ಹಿಡಿಯುತ್ತದೆ. ಆಮೇಲೆ ತಣ್ಣೀರು, ಐಸ್ ಎರಡೂ ಸೇರಿ 300 ಮಿ.ಲೀ.

ಬಿಸಿ ಚಹಾವನ್ನು ನೇರ ಫ್ರಿಜ್ಜಿಗಿಟ್ಟರೆ ಕೆಲವೊಮ್ಮೆ ಕದಡಿದಂತೆ ಮಸುಕಾಗುತ್ತದೆ. ಅದು ಕೆಟ್ಟದ್ದಲ್ಲ. ಚಹಾದ ಕೆಫೀನ್ ಮತ್ತು ಪಾಲಿಫಿನಾಲ್‌ಗಳು ತಂಪಿಗೆ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಹಾಗಾಗುತ್ತದೆ, ಗಡಸು ನೀರಿನಲ್ಲಿ ಇನ್ನೂ ಹೆಚ್ಚು. ಸ್ವಲ್ಪ ಕುದಿನೀರು ಬೆರೆಸಿದರೆ ತಿಳಿಯಾಗುತ್ತದೆ. ಮೊದಲು ಕೋಣೆಯ ತಾಪಕ್ಕೆ ಇಳಿಯಲು ಬಿಡುವುದು ಒಳ್ಳೆಯದು. ನಿಂಬೆರಸ ಕೊನೆಗೆ ಹಿಂಡಿ. ಬಣ್ಣ ತಟ್ಟನೆ ತಿಳಿಯಾದರೆ ಗಾಬರಿ ಬೇಡ, ಅದು ಹುಳಿಯ ಗುಣ.

ನೆನೆದ ಚಿಯಾವನ್ನು ಕುಡಿಯುವ ಮುಂಚೆ ಲೋಟಕ್ಕೆ ಮೂರು ದೊಡ್ಡ ಚಮಚದಷ್ಟು ಬೆರೆಸಿ. ಇಡೀ ಜಗ್ಗಿಗೇ ಸೇರಿಸಿಟ್ಟರೆ ಬೀಜ ತಳ ಸೇರುತ್ತದೆ: ಮೊದಲ ಲೋಟ ಬರೀ ಚಹಾ, ಕೊನೆಯದು ಗಂಜಿ.

ಒಣ ಬೀಜ ಬಾಯಿಗೆ ಹಾಕಿ ಮೇಲೆ ನೀರು ಕುಡಿಯುವವರಿಗೊಂದು ಎಚ್ಚರಿಕೆ. 2014ರಲ್ಲಿ ಅಮೆರಿಕದ ವೈದ್ಯರ ಸಮ್ಮೇಳನವೊಂದರಲ್ಲಿ ವರದಿಯಾದ ಪ್ರಕರಣದಲ್ಲಿ, ಒಂದೇ ಒಂದು ದೊಡ್ಡ ಚಮಚ ಬೀಜ ಅನ್ನನಾಳದಲ್ಲಿ ಉಬ್ಬಿ ಸಿಕ್ಕಿಕೊಂಡು ಎಂಡೋಸ್ಕೋಪಿಯಿಂದ ಬಿಡಿಸಬೇಕಾಯಿತು. ನುಂಗಲು ತೊಂದರೆ ಇರುವವರಂತೂ ನೆನೆಯದ ಚಿಯಾ ಮುಟ್ಟಲೇಬಾರದು.

ಮುಂದಿನ ಸಲ ಇಂಥ ಪಾನೀಯ ಪತ್ರಿಕೆಯಲ್ಲಿ ಬರುವಾಗ ‘ಒಂದು ಚಮಚ’ದ ಜೊತೆಗೆ ನೆನೆಸುವ ನೀರಿನ ಅಳತೆ, ಹೊತ್ತು ಎರಡನ್ನೂ ದಯವಿಟ್ಟು ಅಚ್ಚು ಮಾಡಿ.

ಇಂತಿ,
ನಿಮ್ಮ ಓದುಗರು