ರಸ್ತೆಯಾಚೆಯ ಶಾಲೆ: ಪುಟ್ಟಿಗೆ ಒಂದು ಪತ್ರ

ಮೈಸೂರು,
ಫೆಬ್ರುವರಿ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿ ಆರು ದಿನಗಳಾದವು. ಇಲ್ಲಿಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಮಗಳನ್ನು ಎಲ್ಲಿ ಸೇರಿಸುವುದೆಂದು ಯೋಚಿಸುತ್ತ ನೀನು ವಾಷಿಂಗ್ಟನ್ನಿನಿಂದ ಕಳುಹಿಸಿದ ಹನ್ನೆರಡು ಶಾಲೆಗಳ ಪಟ್ಟಿಯನ್ನೂ ಪ್ರತಿಯೊಂದರ ಮುಂದೆ ತುಂಬಿದ ಅಂಕೆಗಳನ್ನೂ ನಿಧಾನವಾಗಿ ಓದಿ ಬದಿಗಿಟ್ಟೆ. ಆದರೆ ಆ ಪಟ್ಟಿಯ ಕೆಳಗೆ, ಬರೆದು ಹೊಡೆದುಹಾಕಲು ಹೋಗಿ ಹಾಗೆಯೇ ಬಿಟ್ಟಂತೆ ಕಾಣುವ ಒಂದು ಸಾಲಿದೆಯಲ್ಲ, "ಎಲ್ಲರೂ ಬೇರೆ ಕಡೆ ಓಡುತ್ತಿರುವಾಗ ನಾವು ರಸ್ತೆಯಾಚೆಯ ಶಾಲೆಗೇ ಸೇರಿಸಿದರೆ ಮಗಳನ್ನು ಕೈಬಿಟ್ಟಂತೆ ಆಗುತ್ತದೇನೋ ದೊಡ್ಡಮ್ಮ" ಎಂಬುದು, ಅದನ್ನು ಮಾತ್ರ ಬದಿಗಿಡಲು ನನ್ನಿಂದ ಆಗಲಿಲ್ಲ. ಈ ಪತ್ರ ಆ ಒಂದು ಸಾಲಿಗೆ ಉತ್ತರ, ಪಟ್ಟಿಗಲ್ಲ.

ಕೈಬಿಡುವುದು ಎಂಬ ಆ ಮಾತು ನನ್ನ ಮನೆಯಲ್ಲೂ ಒಮ್ಮೆ ಓಡಾಡಿದೆ. 1985ರ ಜೂನ್ ತಿಂಗಳು. ನಿಮ್ಮಣ್ಣನನ್ನು ಒಂದನೆಯ ತರಗತಿಗೆ ಸೇರಿಸಬೇಕಾಗಿತ್ತು. ನಾನು ಪಾಠ ಮಾಡುತ್ತಿದ್ದ ಸರ್ಕಾರಿ ಶಾಲೆ ಮನೆಯಿಂದ ಎರಡು ಬೀದಿಯಾಚೆ ಇತ್ತು, ಒಂದನೆಯ ತರಗತಿಯ ಪಾಠ ನನ್ನದೇ ಆಗಿತ್ತು. ಆದರೂ ನಾನು ಅವನನ್ನು ಪಟ್ಟಣದ ಇನ್ನೊಂದು ತುದಿಯ ಇಂಗ್ಲಿಷ್ ಶಾಲೆಗೆ ಹಾಕಿದೆ. ಬೆಳಿಗ್ಗೆ ಏಳೂವರೆಗೆ ಟಾಂಗಾ ಬರುತ್ತಿತ್ತು. ಹತ್ತು ಹನ್ನೆರಡು ಮಕ್ಕಳ ಊಟದ ಡಬ್ಬಿಗಳು ಗಾಡಿಯ ಪಕ್ಕದಲ್ಲಿ ತೂಗಾಡುತ್ತಿದ್ದವು, ನಿಮ್ಮಣ್ಣ ಹಿಂಬದಿಯ ತುದಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನನ್ನತ್ತ ನೋಡುತ್ತಿದ್ದ. ಗಾಡಿ ತಿರುವು ದಾಟಿದ ಮೇಲೆ ನಾನು ಕೊಡೆ ಹಿಡಿದು ಬೇರೆಯವರ ಮಕ್ಕಳಿಗೆ ಪಾಠ ಹೇಳಲು ಹೊರಡುತ್ತಿದ್ದೆ.

ಆ ವರ್ಷವೇ ಒಂದು ದಿನ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತ ಕುಳಿತಿದ್ದಾಗ, ಹೂ ಕಟ್ಟಿ ಮಾರುವ ಒಬ್ಬ ತಾಯಿ, ಬೆರಳ ತುದಿಯ ಬಾಳೆನಾರಿನ ಕಲೆ ಇನ್ನೂ ಹಸಿಯಾಗಿರುವಂತೆಯೇ, ಮಗಳ ಒಡೆದ ಸ್ಲೇಟು ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತಳು. ಸ್ಲೇಟಿನ ವಿಷಯ ಮುಗಿದ ಮೇಲೆ, "ನಿಮ್ ಹುಡುಗನೂ ಒಂದನೇ ಕ್ಲಾಸಲ್ವಾ ಟೀಚರಮ್ಮ, ಇಲ್ಲಿಗ್ಯಾಕೆ ಹಾಕಿಲ್ಲ?" ಎಂದು ಕೇಳಿದಳು. ಅವಳಿಗೆ ಚುಚ್ಚುವ ಉದ್ದೇಶವಿರಲಿಲ್ಲ, ತಿಳಿಯುವ ಕುತೂಹಲವಿತ್ತು ಅಷ್ಟೆ. ನಾನು ತಲೆ ಎತ್ತದೆ, "ಅವರಪ್ಪನ ಇಷ್ಟ" ಎಂದೆ. ನಿಜವಾಗಿ ನಿಮ್ಮ ದೊಡ್ಡಪ್ಪ ಹೇಳಿದ್ದು, ನೀನಿರುವ ಶಾಲೆಯಲ್ಲೇ ಓದಲಿ, ಕಣ್ಣೆದುರಿಗಿರುತ್ತಾನೆ ಎಂದು. ಹಠ ಮಾಡಿದವಳು ನಾನು. ನಮ್ಮ ಓಣಿಯ ಸಂಬಳದ ಕುಟುಂಬಗಳೆಲ್ಲ ಟಾಂಗಾ ಹತ್ತಿಸುತ್ತಿರುವಾಗ ನಾನೊಬ್ಬಳೇ ಮಗನನ್ನು ಕೈಬಿಟ್ಟೆ ಎನ್ನಿಸಿಕೊಳ್ಳುವ ಭಯ ನನಗಿತ್ತು. ನೀನು ಬರೆದ ಮಾತೇ ನೋಡು.

ನಿನ್ನ ಪಟ್ಟಿಯಲ್ಲಿ ರಸ್ತೆಯಾಚೆಯ ಸಾರ್ವಜನಿಕ ಶಾಲೆಯ ಮುಂದೆ ಹತ್ತಕ್ಕೆ ನಾಲ್ಕು ಎಂದಿದೆ, ಮೆಟ್ರೋ ಹತ್ತಿ ಹೋಗಬೇಕಾದ ಆ ಚಾರ್ಟರ್ ಶಾಲೆಯ, ಅಂದರೆ ಸರ್ಕಾರದ ಹಣದಲ್ಲಿ ಸ್ವತಂತ್ರ ಮಂಡಳಿ ನಡೆಸುವ ಶಾಲೆಯ, ಮುಂದೆ ಎಂಟು ಎಂದಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಉತ್ತರ ಪತ್ರಿಕೆ ತಿದ್ದಿದವಳಾಗಿ ಹೇಳುತ್ತೇನೆ, ಆ ನಾಲ್ಕು ಯಾರದು ಎಂದು ಮೊದಲು ಕೇಳು. ನಿಮ್ಮ ದೇಶದ ಕಾನೂನಿನಂತೆ ಪ್ರಾಥಮಿಕ ಹಂತದಲ್ಲಿ ಕಡ್ಡಾಯ ಪರೀಕ್ಷೆ ಆರಂಭವಾಗುವುದೇ ಮೂರನೆಯ ತರಗತಿಯಲ್ಲಿ. ನಿನ್ನ ಮಗಳು ಹೋಗಲಿರುವುದು ಕಿಂಡರ್‌ಗಾರ್ಟನ್ನಿಗೆ. ಅವಳಿಗೆ ಪಾಠ ಹೇಳಲಿರುವ ಶಿಕ್ಷಕಿಯ ಬಗ್ಗೆ ಆ ಅಂಕೆ ಒಂದಕ್ಷರವನ್ನೂ ಹೇಳುವುದಿಲ್ಲ. ಮನೆಯಲ್ಲಿ ಮೇಜು ದೀಪ ಇರುವ ಮಗುವಿಗೂ, ರಾತ್ರಿ ಪಾಳಿಗೆ ಹೋಗುವ ತಾಯಿಯ ಮಗುವಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟರೆ ಅರ್ಧ ಅಂಕ ಮನೆಗೇ ಹೋಗುತ್ತದೆ. ಒಂದು ವರ್ಷದಲ್ಲಿ ಮಗು ಎಲ್ಲಿಂದ ಎಲ್ಲಿಗೆ ಬಂತು ಎನ್ನುವ ಪ್ರಗತಿಯ ಲೆಕ್ಕವನ್ನೂ ಅಲ್ಲಿ ಕೊಡುತ್ತಾರಂತೆ. ನೋಡುವುದಾದರೆ ಅದನ್ನು ನೋಡು.

ಅಳಿಯಂದಿರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೋ ಕೇಂದ್ರದ ಅಧ್ಯಯನಗಳನ್ನು ಶ್ರದ್ಧೆಯಿಂದ ಟಿಪ್ಪಣಿ ಮಾಡಿ ಕಳುಹಿಸಿದ್ದಾರೆ, ಅವರಿಗೆ ನನ್ನ ಮೆಚ್ಚುಗೆ ತಿಳಿಸು. 2009ರಲ್ಲಿ ಆ ಕೇಂದ್ರದವರು ನೋಡಿದ ಚಾರ್ಟರ್ ಶಾಲೆಗಳಲ್ಲಿ ಗಣಿತದಲ್ಲಿ ಸಾರ್ವಜನಿಕ ಶಾಲೆಗಿಂತ ಮುಂದಿದ್ದವು ಶೇ. 17, ಹಿಂದಿದ್ದವು ಶೇ. 37, ಉಳಿದವುಗಳಲ್ಲಿ ವ್ಯತ್ಯಾಸವೇ ಕಂಡಿರಲಿಲ್ಲ. 2023ರ ಹೊತ್ತಿಗೆ ಲೆಕ್ಕ ತಿರುಗಿ, ಚಾರ್ಟರ್ ಮಕ್ಕಳು ಸರಾಸರಿಯಲ್ಲಿ ವರ್ಷಕ್ಕೆ ಓದಿನಲ್ಲಿ 16 ದಿನ, ಗಣಿತದಲ್ಲಿ 6 ದಿನದ ಕಲಿಕೆಯಷ್ಟು ಮುಂದೆ ಬಂದಿದ್ದರು. ಆದ್ದರಿಂದ ಚಾರ್ಟರ್ ಎಂದರೆ ಬರಿಯ ಬಣ್ಣದ ಮಾತು ಎಂದು ನಾನು ಹೇಳಲಾರೆ. ಆದರೆ ಪುಟ್ಟಿ, ಆರು ದಿನವೆಂದರೆ ನಮ್ಮ ಶಾಲೆಯಲ್ಲಿ ಜೋರು ಮಳೆ ಹಿಡಿದರೆ ಕೊಡುತ್ತಿದ್ದ ರಜೆ. ಅದಕ್ಕೋಸ್ಕರ ಒಂದು ಮಗುವನ್ನು ಯಾರೂ ಕೈಬಿಟ್ಟಂತೆಯೂ ಆಗುವುದಿಲ್ಲ, ಕೈಹಿಡಿದಂತೆಯೂ ಆಗುವುದಿಲ್ಲ.

ಈಗ ನೀನು ಬರೆಯದೆ ಬಿಟ್ಟ ಮಾತಿಗೆ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡ. "ನಮ್ಮ ಕಟ್ಟಡದವರು ಯಾರೂ ಅಲ್ಲಿಗೆ ಕಳುಹಿಸುವುದಿಲ್ಲ" ಎಂದು ಬರೆದೆ. ಅಲ್ಲಿಗೆ ಹೋಗುವ ಮಕ್ಕಳು ಯಾರು ಎಂದು ಬರೆಯಲಿಲ್ಲ. ನಿನ್ನ ಬಾಣಂತನಕ್ಕೆ ಬಂದಾಗಲೂ, ಮತ್ತೆ ಎರಡು ವರ್ಷದ ಹಿಂದೆ ಬಂದಾಗಲೂ ನಿನ್ನ ಅಡುಗೆಮನೆಯ ಕಿಟಕಿಯಿಂದ ನಾನು ಆ ಅಂಗಳವನ್ನು ನೋಡಿದ್ದೇನೆ. ಹೆಚ್ಚಿನವರು ಕಪ್ಪು ಜನರ ಮಕ್ಕಳು. ಇದೇ ವಾಷಿಂಗ್ಟನ್ನಿನಲ್ಲಿ ಹನ್ನೊಂದು ಕಪ್ಪು ಮಕ್ಕಳಿಗೆ ಹೊಸದಾಗಿ ಕಟ್ಟಿದ ಶಾಲೆಯೊಂದರ ಬಾಗಿಲು ಮುಚ್ಚಿದ್ದಕ್ಕೆ ಬೋಲಿಂಗ್ ಮೊಕದ್ದಮೆ ನಡೆದು, 1954ರ ಮೇ 17ರಂದು ಸುಪ್ರೀಂ ಕೋರ್ಟು ಅಂಥ ಬೇರ್ಪಡಿಕೆ ಸಲ್ಲದೆಂದು ತೀರ್ಪು ಕೊಟ್ಟ ಕಥೆಯನ್ನು ನನಗೆ ಹೇಳಿದವರು ಅಳಿಯಂದಿರೇ. ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸಲು ಇದನ್ನು ಬರೆಯುತ್ತಿಲ್ಲ, ನಿಲ್ಲಬೇಕಾದವಳು ಮೊದಲು ನಾನು. ನಮ್ಮ ಶಾಲೆಯಲ್ಲಿ ಗಾರೆ ಕೆಲಸದವರ, ಹೂವಿನವರ, ಮನೆಗೆಲಸದವರ ಮಕ್ಕಳು ಓದುತ್ತಿದ್ದರು. ಅವರ ಪಕ್ಕದಲ್ಲಿ ನನ್ನ ಮಗ ಕೂರುವುದು ನನಗೆ ಬೇಡವಾಗಿತ್ತು ಎಂಬುದನ್ನು ನಾನು ನಿವೃತ್ತಿಯಾಗುವವರೆಗೂ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಮಾಧ್ಯಮ, ಶಿಸ್ತು, ಭವಿಷ್ಯ ಎಂದೆಲ್ಲ ಹೇಳುತ್ತಿದ್ದೆ. ನಿನ್ನ ಭಯದಲ್ಲಿ ಈ ಪಾಲು ಎಷ್ಟಿದೆ ಎಂದು ನೀನೇ ಒಬ್ಬಳೇ ಕುಳಿತು ನೋಡಿಕೊ. ಇಲ್ಲವೆನ್ನಿಸಿದರೆ ಈ ದೊಡ್ಡಮ್ಮನನ್ನು ಕ್ಷಮಿಸು.

ಆ ಕಿಟಕಿಯಿಂದ ಕಂಡ ಇನ್ನೊಂದು ಸಂಗತಿ. ನವೆಂಬರ್ ತಿಂಗಳ ಜಿನುಗು ಮಳೆಯ ದಿನ, ಆಟಕ್ಕೆ ಹೊರಟ ಪುಟ್ಟ ಮಕ್ಕಳ ಸಾಲಿನ ಮುಂದೆ ಒಬ್ಬ ಶಿಕ್ಷಕಿ ಒದ್ದೆ ನೆಲದ ಮೇಲೆಯೇ ಮೊಣಕಾಲೂರಿ ಒಂದೊಂದೇ ಮಗುವಿನ ಜಾಕೆಟ್ಟಿನ ಜಿಪ್ ಹಾಕುತ್ತಿದ್ದರು. ಹದಿನಾಲ್ಕು ಮಕ್ಕಳು, ನಾನು ಎಣಿಸಿದೆ. ಹದಿನಾಲ್ಕನೆಯ ಮಗುವಿನ ಜಿಪ್ ಸಿಕ್ಕಿಹಾಕಿಕೊಂಡಾಗಲೂ ಆ ಮುಖದಲ್ಲಿ ಮೊದಲನೆಯ ಮಗುವಿಗಿದ್ದ ತಾಳ್ಮೆಯೇ ಇತ್ತು. ಕೊನೆಯ ಮಗುವಿನ ಹೊತ್ತಿಗೆ ನನ್ನ ತಾಳ್ಮೆ ಮುಗಿದಿರುತ್ತಿತ್ತು ಎಂಬುದು ನನಗೆ ಗೊತ್ತು. ಒಂದು ದಿನ ಕಂಡದ್ದರಿಂದ ಶಾಲೆಯನ್ನು ಅಳೆಯಬಾರದು, ನಿಜ. ಆದರೂ ಹತ್ತಕ್ಕೆ ನಾಲ್ಕು ಎಂಬುದನ್ನು ನಿನ್ನ ಪತ್ರದಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಮೊಣಕಾಲು.

ಶಾಲೆಯ ಸೀಟು ಹಂಚುವ ನಿಮ್ಮಲ್ಲಿಯ ಲಾಟರಿಯ ಬಗ್ಗೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಆದರೂ ನಿನ್ನ ಗಾಬರಿಯಲ್ಲಿ ಒಂದು ಮಾತು ಕೈತಪ್ಪಿದಂತೆ ಕಾಣುತ್ತದೆ. ನೀನೇ ಕಳುಹಿಸಿದ ಕಾಗದದ ಪ್ರಕಾರ ಕಿಂಡರ್‌ಗಾರ್ಟನ್ನಿನಿಂದ ಮೇಲಕ್ಕೆ ನಿಮ್ಮ ವಿಳಾಸದ ಶಾಲೆಯಲ್ಲಿ ಮಗುವಿಗೆ ಸೀಟು ಹಕ್ಕಿನದು, ಅದಕ್ಕೆ ಲಾಟರಿಯೇ ಬೇಡ. ಮೂರು, ನಾಲ್ಕು ವರ್ಷದವರಿಗಷ್ಟೇ ಅದು ಬೇಕಾಗುತ್ತಿತ್ತು. ಹಾಗಾದ ಮೇಲೆ ಅರ್ಜಿಯ ಹನ್ನೆರಡು ಮನೆಗಳನ್ನೂ ತುಂಬಲೇಬೇಕು ಎಂದು ಕಾಣದ, ಕೇಳದ ಶಾಲೆಗಳನ್ನೆಲ್ಲ ಏಕೆ ಸೇರಿಸಿದೆ? ರಸ್ತೆಯಾಚೆಯ ಶಾಲೆಗಿಂತ ನಿಜವಾಗಿ ಹೆಚ್ಚು ಇಷ್ಟವಾದವು ಎಷ್ಟಿವೆಯೋ ಅಷ್ಟನ್ನೇ, ಇಷ್ಟದ ಕ್ರಮದಲ್ಲೇ ಬರೆ. ಸಿಗುವುದು ಕಷ್ಟವೆಂದು ಇಷ್ಟದ್ದನ್ನು ಕೆಳಗೆ ತಳ್ಳುವ ಜಾಣತನ ಅಲ್ಲಿ ನಡೆಯುವುದಿಲ್ಲವಂತೆ. 2012ರ ಅರ್ಥಶಾಸ್ತ್ರದ ನೊಬೆಲ್ ಪಡೆದವರ ಲೆಕ್ಕದ ಮೇಲೆ ಆ ವ್ಯವಸ್ಥೆ ನಿಂತಿದೆ ಎಂದು ಅಳಿಯಂದಿರು ಬರೆದಿದ್ದಾರೆ, ಅವರನ್ನೇ ಇನ್ನೊಮ್ಮೆ ಕೇಳು.

ಚಾರ್ಟರಿಗೆ ಹೋಗಿ ಸರಿಬಾರದಿದ್ದರೆ ರಸ್ತೆಯಾಚೆಯ ಶಾಲೆಗೆ ಯಾವಾಗ ಬೇಕಾದರೂ ಬರಬಹುದು, ಚಾರ್ಟರಿನ ಸೀಟು ಬಿಟ್ಟರೆ ಅದು ಮತ್ತೆ ಸಿಗುವ ಖಾತರಿಯಿಲ್ಲ. ಹಾಗಾದರೆ ಮೊದಲು ಚಾರ್ಟರನ್ನೇ ನೋಡಬಹುದಲ್ಲ ಎಂದು ನೀನು ಕೇಳಿದರೆ ನನ್ನಲ್ಲಿ ಗಟ್ಟಿಯಾದ ಉತ್ತರವಿಲ್ಲ. ಲೆಕ್ಕ ಹಾಗೆಯೇ ಹೇಳುತ್ತದೆ. ಆದರೆ ಐದು ವರ್ಷದ ಮಗು ಒಂದು ಕಡೆ ಗೆಳತಿಯರನ್ನು ಮಾಡಿಕೊಂಡ ಮೇಲೆ ಎಬ್ಬಿಸಿ ಇನ್ನೊಂದು ಕಡೆ ಕೂರಿಸುವುದು ಕಾಗದದ ಮೇಲಿನಷ್ಟು ಹಗುರವಲ್ಲ. ನಿಮ್ಮಣ್ಣ ಸಂಜೆ ಐದು ಗಂಟೆಗೆ ಟಾಂಗಾದಿಂದ ಇಳಿಯುವ ಹೊತ್ತಿಗೆ ಓಣಿಯ ಹುಡುಗರ ಬುಗುರಿ ಆಟ ಅರ್ಧ ಮುಗಿದಿರುತ್ತಿತ್ತು. ಅವನು ಚೀಲ ಬೆನ್ನ ಮೇಲಿರುವಂತೆಯೇ ಗೇಟಿನ ಬಳಿ ನಿಂತು ನೋಡುತ್ತಿದ್ದ, ಅವರು ಕರೆಯುತ್ತಿರಲಿಲ್ಲ. ನಿನ್ನ ಮಗಳ ಪ್ರಯಾಣವನ್ನೂ ಆ ಲೆಕ್ಕದೊಳಗೆ ಸೇರಿಸು. ಅಲ್ಲಿ ಎಲ್ಲ ಮಕ್ಕಳಿಗೂ ಹಳದಿ ಬಸ್ಸು ಇಲ್ಲವೆಂದು ಬರೆದಿದ್ದೀಯೆ, ಎರಡು ರೈಲು ಬದಲಿಸಿ ದಿನವೂ ಬಿಡುವವರು ಯಾರು?

ಇನ್ನೊಂದು ಸಂಕಟದ ವಿಷಯ. ನಾನು ಮುಖ್ಯೋಪಾಧ್ಯಾಯಿನಿ ಆಗಿದ್ದ ಕೊನೆಯ ವರ್ಷಗಳಲ್ಲಿ, 2012ರಿಂದ, ಖಾಸಗಿ ಶಾಲೆಯ ಕಾಲುಭಾಗ ಸೀಟುಗಳನ್ನು ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಪ್ರಕಾರ ಬಡ ಮಕ್ಕಳಿಗೆ ಲಾಟರಿಯಲ್ಲಿ ಕೊಡಲು ಆರಂಭಿಸಿದರು. ಸೀಟು ಬಂದ ತಾಯಂದಿರು ಸಿಹಿ ಹಂಚಿ ಹೋಗುತ್ತಿದ್ದರು, ಬಾರದವರು ಕೈಸೋತ ಮುಖದಲ್ಲಿ ಮಗುವನ್ನು ನಮ್ಮಲ್ಲಿಗೆ ಕರೆತರುತ್ತಿದ್ದರು. ತಮ್ಮ ಮಗುವನ್ನು ತಾವೇ ಕೈಬಿಟ್ಟೆವು ಎಂಬಂತೆ ನಿಂತ ಆ ತಾಯಂದಿರ ಎದುರು ದಾಖಲಾತಿ ಪುಸ್ತಕ ತೆರೆಯುವುದು ನನ್ನ ವೃತ್ತಿಯ ಅತ್ಯಂತ ಕಹಿಯಾದ ಕೆಲಸವಾಗಿತ್ತು. ಮಕ್ಕಳ ಸಂಖ್ಯೆ ಇಳಿದಂತೆ ನಮ್ಮ ಒಬ್ಬ ಶಿಕ್ಷಕರನ್ನು ಹೆಚ್ಚುವರಿ ಎಂದು ಬೇರೆಡೆಗೆ ಕಳುಹಿಸಿದರು, ಉಳಿದವರ ಮೇಲೆ ಎರಡೆರಡು ತರಗತಿ ಬಿದ್ದವು. ನಿಮ್ಮ ನಗರದಲ್ಲೂ ಹಣ ಮಗುವಿನ ತಲೆಯೆಣಿಕೆಯ ಮೇಲೆಯೇ ಹೋಗುತ್ತದೆ, ಸರ್ಕಾರದ ಹಣದಲ್ಲಿ ಓದುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಈಗ ಚಾರ್ಟರಿನಲ್ಲಿದ್ದಾರೆ. ಇದನ್ನು ನಿನ್ನ ಹೆಗಲಿಗೆ ಹೊರಿಸುತ್ತಿಲ್ಲ. ಯಾವ ಶಾಲೆಯನ್ನೂ ಉದ್ಧರಿಸುವ ಹೊಣೆ ಐದು ವರ್ಷದ ಮಗುವಿನದಲ್ಲ.

ಶಾಲೆ ಮುಚ್ಚಿದರೆ ಎಂಬ ನಿನ್ನ ಅನುಮಾನಕ್ಕೆ ಎರಡೂ ಕಡೆ ಆಧಾರವಿದೆ. 2024ರ ಆಗಸ್ಟಿನಲ್ಲಿ ನಿಮ್ಮಲ್ಲಿಯೇ ಒಂದು ಚಾರ್ಟರ್ ಶಾಲೆ ತರಗತಿ ಆರಂಭವಾಗಲು ಕೆಲವೇ ದಿನಗಳಿರುವಾಗ ಮುಚ್ಚಿತು, 2013ರಲ್ಲಿ ಸಾರ್ವಜನಿಕ ಶಾಲೆಗಳಲ್ಲೇ ಹದಿನೈದನ್ನು ಮುಚ್ಚುವುದಾಗಿ ಪ್ರಕಟಿಸಿದರು. ಚಾರ್ಟರಿಗೆ ಅನುಮತಿ ಹದಿನೈದು ವರ್ಷಕ್ಕೆ, ನಡುವೆ ಐದೈದು ವರ್ಷಕ್ಕೆ ಪರಿಶೀಲನೆ ಎಂದಿರುವುದರಿಂದ ನೀನು ನೆಚ್ಚಿದ ಶಾಲೆಯ ಪರಿಶೀಲನೆ ಯಾವಾಗ ಎಂದು ವಿಚಾರಿಸು. ಅದರ ಜೊತೆಗೆ, ಕಳೆದ ವರ್ಷದ ಶಿಕ್ಷಕರಲ್ಲಿ ಎಷ್ಟು ಮಂದಿ ಈ ವರ್ಷವೂ ಇದ್ದಾರೆ ಎಂದು ಎರಡೂ ಕಡೆ ಕೇಳು. ಉತ್ತರ ಹೇಳುವವರು ತಡವರಿಸಿದರೆ ಅದೂ ಒಂದು ಉತ್ತರವೇ.

ಇಷ್ಟಾಗಿ ನೀನು ಒಮ್ಮೆಯೂ ಆ ರಸ್ತೆ ದಾಟಿ ಒಳಗೆ ಹೋಗಿಲ್ಲವೆಂಬುದು ನಿನ್ನ ಪತ್ರದಿಂದಲೇ ತಿಳಿಯಿತು. ಚಾರ್ಟರ್ ಶಾಲೆಗಳ ಪರಿಚಯ ಸಭೆಗೆ ಮೂರು ಸಲ ರಜೆ ಹಾಕಿ ಹೋಗಿ ಬಂದಿದ್ದೀಯೆ. ಮಾರ್ಚ್ ಮೊದಲ ವಾರದ ಗಡುವಿಗೆ ಮುನ್ನ, ಸಾಧ್ಯವಾದರೆ, ಅನುಮತಿ ಕೇಳಿ ಒಂದು ಬೆಳಿಗ್ಗೆ ಆ ಕಿಂಡರ್‌ಗಾರ್ಟನ್ ಕೋಣೆಯ ಹಿಂದಿನ ಕುರ್ಚಿಯಲ್ಲಿ ಅರ್ಧ ಗಂಟೆ ಕುಳಿತು ಬಾ. ಗೋಡೆಯ ಮೇಲಿನ ಚಿತ್ರಗಳನ್ನು ನೋಡಬೇಡ, ಅವು ನೋಡುವವರಿಗಾಗಿಯೇ ಅಂಟಿಸಿದವು, ನಾನೂ ಇನ್‌ಸ್ಪೆಕ್ಟರು ಬರುವ ದಿನ ಅಂಟಿಸುತ್ತಿದ್ದೆ. ಒಂದು ಮಗು ಹಾಲು ಚೆಲ್ಲಿದಾಗ ಆ ಕೋಣೆಯಲ್ಲಿ ಏನಾಗುತ್ತದೆ ಎಂದು ನೋಡು. ನೋಡಿ ಬಂದ ಮೇಲೂ ಚಾರ್ಟರೇ ಸರಿ ಎನ್ನಿಸಿದರೆ ನಾನು ಒಂದು ಮಾತೂ ಆಡುವುದಿಲ್ಲ. ಕಾಣದೆಯೇ ಕೈಬಿಟ್ಟಂತೆ ಎಂಬ ಮಾತು ಮಾತ್ರ ಬೇಡ.

ಹೋದ ದೀಪಾವಳಿಗೆ ನಿಮ್ಮಣ್ಣ ಬಂದಿದ್ದಾಗ ಧೈರ್ಯ ಮಾಡಿ ಕೇಳಿದೆ, ನಿನ್ನನ್ನು ಅಲ್ಲಿಗೆ ಹಾಕಿದ್ದು ಸರಿಯಾಯಿತೇ ಎಂದು. ಅವನು ಸ್ವಲ್ಪ ಯೋಚಿಸಿ, ಆ ಟಾಂಗಾದ ಕುದುರೆಯ ಹೆಸರೇನಮ್ಮ ಎಂದ. ನನಗೂ ನೆನಪಾಗಲಿಲ್ಲ.

ಮಾರ್ಚ್ ಕೊನೆಗೆ ಫಲಿತಾಂಶ ಬಂದಾಗ ಹೊತ್ತು ನೋಡದೆ ಫೋನು ಮಾಡು. ನಾನು ನಾಲ್ಕು ಗಂಟೆಗೇ ಎದ್ದಿರುತ್ತೇನೆ. ಪುಟಾಣಿಗೆ ನನ್ನ ಮುತ್ತು, ಅಳಿಯಂದಿರಿಗೆ ಆಶೀರ್ವಾದ.

ನಿನ್ನ ದೊಡ್ಡಮ್ಮ